ಸೂತ್ರದಲ್ಲಿ ಕಾಣದ ದೂರ

ನಮ್ಮ ಸಂಘದ ವಾಚನಾಲಯದಲ್ಲಿ ಸಂಜೆಯ ಹೊತ್ತು ಪ್ರೌಢಶಾಲೆಯ ಕೆಲವು ವಿದ್ಯಾರ್ಥಿಗಳು ಕೂಡುವುದುಂಟು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಾವು ಅವರಿಗೆ ನಮಗೆ ತಿಳಿದಷ್ಟನ್ನು ಹೇಳಿಕೊಡುತ್ತೇವೆ; ತಿಳಿಯದುದನ್ನು ಅವರೊಡನೆ ಕುಳಿತು ಓದಿಕೊಳ್ಳುತ್ತೇವೆ. ಒಂದು ಸಂಜೆ ಉಷ್ಣ ವಿಕಿರಣದ ಪಾಠ ನಡೆದಿತ್ತು. ಎದುರುಬದುರಾಗಿ ನಿಲ್ಲಿಸಿದ ಎರಡು ವಿಶಾಲವಾದ ಕಪ್ಪು ತಗಡುಗಳು; ಒಂದು ಬಿಸಿ, ಇನ್ನೊಂದು ತಂಪು; ನಡುವೆ ಗಾಳಿಯೂ ಇಲ್ಲದ ಬರಿಯ ನಿರ್ವಾತ. ಒಂದರಿಂದ ಇನ್ನೊಂದಕ್ಕೆ ಹರಿಯುವ ಶಾಖವು ಅವುಗಳ ನಿರಪೇಕ್ಷ ಉಷ್ಣತೆಗಳ ನಾಲ್ಕನೆಯ ಘಾತಗಳ ವ್ಯತ್ಯಾಸವನ್ನು ಅನುಸರಿಸುತ್ತದೆ ಎಂಬ ಸೂತ್ರವನ್ನು ಹಲಗೆಯ ಮೇಲೆ ಬರೆದೆವು. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬನು ಎದ್ದು ನಿಂತು, “ಮಾಸ್ತರೇ, ಇದರಲ್ಲಿ ದೂರವೇ ಇಲ್ಲವಲ್ಲ! ತಗಡುಗಳನ್ನು ತೀರ ಹತ್ತಿರ ತಂದರೂ ಅಷ್ಟೇ ಶಾಖವೇ?” ಎಂದು ಕೇಳಿದನು.

“ಹೌದಪ್ಪ, ಎಷ್ಟೇ ಹತ್ತಿರ ತಂದರೂ ಅಷ್ಟೇ. ಸೂತ್ರದಲ್ಲಿ ಇಲ್ಲದ್ದು ಲೆಕ್ಕಕ್ಕೆ ಬಾರದು” ಎಂದುಬಿಟ್ಟೆವು. ಹುಡುಗನು ಕುಳಿತನು, ಆದರೆ ಅವನ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. ಮುಂದೆ ಈ ವಿಷಯವನ್ನು ಓದುತ್ತ ಹೋದಂತೆ, ತಪ್ಪಿದವರು ನಾವೇ ಎಂಬುದು ಖಚಿತವಾಯಿತು. ಅವನು ಕೇಳಿದ ಪ್ರಶ್ನೆಯನ್ನೇ ಕೇಳಿ, ಅದಕ್ಕೆ ಉತ್ತರ ಹುಡುಕಲು ದೊಡ್ಡ ದೊಡ್ಡ ವಿಜ್ಞಾನಿಗಳು ಅರ್ಧ ಶತಮಾನಕ್ಕೂ ಮಿಕ್ಕ ಕಾಲವನ್ನು ವ್ಯಯಿಸಿದ್ದಾರೆ. ಆ ಚರಿತ್ರೆಯನ್ನು ಸಹೋದ್ಯೋಗಿಗಳ ಮುಂದೆಯೂ ವಿದ್ಯಾರ್ಥಿಗಳ ಮುಂದೆಯೂ ಇಡುವುದು ನಮ್ಮ ಋಣವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇವೆ.

ಮೊದಲಿಗೆ ಒಂದು ಸಂದೇಹವನ್ನು ಪರಿಹರಿಸಬೇಕು. ಒಲೆಯ ಬಳಿ ಕುಳಿತರೆ ಬಿಸಿ ಹೆಚ್ಚು, ದೂರ ಸರಿದರೆ ಕಡಿಮೆ ಎಂಬುದು ಮಕ್ಕಳಿಗೂ ಗೊತ್ತು. ಹಾಗಿರುವಾಗ ದೂರಕ್ಕೆ ಲೆಕ್ಕವಿಲ್ಲವೆಂದರೆ ಹೇಗೆ? ಒಲೆಯು ಚಿಕ್ಕದು, ಅದರ ಕಿರಣಗಳು ಎಲ್ಲ ದಿಕ್ಕಿಗೂ ಹರಡುತ್ತವೆ. ದೂರ ಹೋದಂತೆ ನಮ್ಮ ಮೈಗೆ ಬೀಳುವ ಪಾಲು ಕಡಿಮೆಯಾಗುತ್ತದೆ. ಆದರೆ ಬಹಳ ವಿಶಾಲವಾದ ಎರಡು ತಗಡುಗಳು ಒಂದಕ್ಕೊಂದು ಎದುರಾಗಿದ್ದರೆ ಒಂದರಿಂದ ಹೊರಟ ಕಿರಣವು ಇನ್ನೊಂದನ್ನು ತಪ್ಪಿಸಿಕೊಂಡು ಹೋಗಲಾರದು. ಆದುದರಿಂದ ಅಲ್ಲಿ ದೂರದ ಮಾತು ಬರುವುದಿಲ್ಲ. ಶಾಸ್ತ್ರದ ಈ ವಾದ ಸರಿಯಾದುದೇ. ಆದರೆ ಅದು ನಿಂತಿರುವುದು ಒಂದು ಷರತ್ತಿನ ಮೇಲೆ. ಆ ಷರತ್ತಿನ ಕಥೆಯೇ ಮುಂದಿನದು.

ತಾನು ಬಿಸಿಯಾಗಿದ್ದರೂ ತಂಪಾಗಿದ್ದರೂ ಪ್ರತಿಯೊಂದು ವಸ್ತುವೂ ಸದಾ ಶಾಖವನ್ನು ಚೆಲ್ಲುತ್ತಲೇ ಇರುತ್ತದೆ ಎಂಬ ತಿಳಿವು ಸ್ವಿಟ್ಸರ್ಲೆಂಡಿನ ಜಿನೀವಾ ನಗರದಲ್ಲಿ ಹುಟ್ಟಿತು. ಅಲ್ಲಿನ ಪಿಕ್ಟೆ ಎಂಬ ವಿದ್ವಾಂಸನು ಎರಡು ನಿಮ್ನ ದರ್ಪಣಗಳನ್ನು ಎದುರುಬದುರಾಗಿಟ್ಟು, ಒಂದರ ನಾಭಿಯಲ್ಲಿ ಉಷ್ಣತಾಮಾಪಕವನ್ನೂ ಇನ್ನೊಂದರ ನಾಭಿಯಲ್ಲಿ ಹಿಮ ತುಂಬಿದ ಪಾತ್ರೆಯನ್ನೂ ಇಟ್ಟನು. ಮಾಪಕವು ಇಳಿಯಿತು. ಹಾಗಾದರೆ ಹಿಮದಿಂದ ‘ಶೀತ’ವೆಂಬುದೊಂದು ಹರಿದು ಬಂತೇ? ಅಲ್ಲ. ಅದೇ ಊರಿನ ಪ್ರೆವೋ ಎಂಬುವನು ೧೭೯೧ರಲ್ಲಿ ಇದನ್ನು ಬಿಡಿಸಿ ಹೇಳಿದನು: ಮಾಪಕವೂ ಹಿಮವೂ ಎರಡೂ ಶಾಖವನ್ನು ಕೊಡುತ್ತವೆ, ಎರಡೂ ಪಡೆಯುತ್ತವೆ, ಮಾಪಕವು ಕೊಟ್ಟುದು ಹೆಚ್ಚು, ಪಡೆದುದು ಕಡಿಮೆ, ಆದುದರಿಂದ ತಣಿಯಿತು. ಕೊಡುಕೊಳ್ಳುವಿಕೆಯ ಈ ತತ್ತ್ವವು ಇಂದಿಗೂ ವಿಕಿರಣ ಶಾಸ್ತ್ರದ ಬುನಾದಿಯಾಗಿದೆ.

ಹೀಗೆ ಹರಿಯುವ ವಸ್ತು ಯಾವುದು? ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲನು ೧೮೦೦ರಲ್ಲಿ ಇಂಗ್ಲೆಂಡಿನಲ್ಲಿ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಬಣ್ಣಗಳಲ್ಲಿ ಒಂದೊಂದರ ಬಿಸಿಯನ್ನೂ ಅಳೆದನು. ಕೆಂಪು ಬಣ್ಣದ ಆಚೆ, ಕಣ್ಣಿಗೆ ಏನೂ ಕಾಣದ ಕಡೆ ಇಟ್ಟ ಉಷ್ಣತಾಮಾಪಕವೂ ಏರಿತು. ಬೆಳಕಿನ ಜಾತಿಯವೇ ಆದ, ಆದರೆ ಅಲೆಯುದ್ದ ಹೆಚ್ಚಿರುವ ಈ ಅವಕೆಂಪು ಕಿರಣಗಳೇ ನಮ್ಮ ಮೈಯಿಂದ, ಗೋಡೆಯಿಂದ, ಕಲ್ಲಿನಿಂದ ಸದಾ ಹೊರಡುತ್ತಿರುವ ಶಾಖದ ವಾಹನ.

ಅನಂತರ ಲೆಕ್ಕದ ಕಾಲ ಬಂತು. ಜರ್ಮನಿಯ ಕಿರ್ಖಾಫನು ೧೮೫೯-೬೦ರಲ್ಲಿ ‘ಕೃಷ್ಣಕಾಯ’ವೆಂಬ ಕಲ್ಪನೆಯನ್ನು ತಂದನು: ತನ್ನ ಮೇಲೆ ಬಿದ್ದ ಕಿರಣವನ್ನೆಲ್ಲ ಹೀರುವ ವಸ್ತು. ಹೀರುವುದರಲ್ಲಿ ಎಷ್ಟು ಸಮರ್ಥವೋ ಚೆಲ್ಲುವುದರಲ್ಲಿಯೂ ಅಷ್ಟೇ ಸಮರ್ಥ. ಆದುದರಿಂದ ಅದೇ ಉಷ್ಣತೆಯಲ್ಲಿರುವ ಬೇರೆ ಯಾವ ವಸ್ತುವೂ ಅದನ್ನು ಮೀರಿ ವಿಕಿರಣಿಸಲಾರದು. ೧೮೭೯ರಲ್ಲಿ ವಿಯೆನ್ನಾದ ಸ್ಟೆಫಾನನು ನಾಲ್ಕನೆಯ ಘಾತದ ನಿಯಮವನ್ನು ಕಂಡನು. ಅವನಿಗೆ ಸುಳಿವು ಕೊಟ್ಟದ್ದು ಟಿಂಡಾಲನು ಕಾಯಿಸಿದ ಪ್ಲಾಟಿನಂ ತಂತಿಯ ಅಳತೆ. ೫೨೫ ಡಿಗ್ರಿಯಿಂದ ೧೨೦೦ ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ತಂತಿಯ ವಿಕಿರಣವು ೧೧.೭ ಪಟ್ಟಾಗಿತ್ತು. ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು: ನಿರಪೇಕ್ಷ ಮಾನದಲ್ಲಿ ಈ ಉಷ್ಣತೆಗಳು ೭೯೮ ಮತ್ತು ೧೪೭೩, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ಬಂದುದನ್ನು ನಾಲ್ಕು ಸಲ ಗುಣಿಸಿದರೆ ೧೧.೬ ದೊರೆಯುತ್ತದೆ. ಸ್ಟೆಫಾನನ ಶಿಷ್ಯ ಬೋಲ್ಟ್ಸ್‌ಮನ್ ೧೮೮೪ರಲ್ಲಿ ಇದಕ್ಕೆ ಶಾಸ್ತ್ರದ ಆಧಾರವನ್ನು ಒದಗಿಸಿದನು. ನಾವು ಹಲಗೆಯ ಮೇಲೆ ಬರೆದ ಸೂತ್ರ ಇವರಿಬ್ಬರದೇ. ಅದರ ಪ್ರಕಾರ ೨೭ ಡಿಗ್ರಿ ಸೆಂಟಿಗ್ರೇಡಿನ ಕೃಷ್ಣಕಾಯದ ಒಂದು ಚದರ ಮೀಟರು ಸುಮಾರು ೪೬೦ ವ್ಯಾಟ್ ಚೆಲ್ಲುತ್ತದೆ. ಅದರ ಎದುರಿಗೆ ಒಂದು ಡಿಗ್ರಿ ಹೆಚ್ಚು ಬಿಸಿಯಾದ ಇನ್ನೊಂದನ್ನಿಟ್ಟರೆ ಕೊಡುಕೊಳ್ಳುವಿಕೆಯ ನಿವ್ವಳ ಕೇವಲ ಆರು ವ್ಯಾಟ್.

ಒಟ್ಟು ಎಷ್ಟೆಂಬುದು ತಿಳಿಯಿತು. ಯಾವ ಅಲೆಯುದ್ದಕ್ಕೆ ಎಷ್ಟು ಪಾಲೆಂಬುದು ಉಳಿಯಿತು. ಇದನ್ನು ಅಳೆದವರು ೧೮೮೭ರಲ್ಲಿ ಸ್ಥಾಪಿತವಾದ ಬರ್ಲಿನ್ನಿನ ರಾಷ್ಟ್ರೀಯ ಭೌತ ಪ್ರಯೋಗಶಾಲೆಯವರು. ೧೯೦೦ನೆಯ ಅಕ್ಟೋಬರ್ ೭ರ ಭಾನುವಾರ ರೂಬೆನ್ಸನು ಮ್ಯಾಕ್ಸ್ ಪ್ಲಾಂಕನ ಮನೆಗೆ ಹೋಗಿ, ತಾನೂ ಕುರ್ಲ್‌ಬೌಮನೂ ಉದ್ದನೆಯ ಅಲೆಗಳಲ್ಲಿ ಕಂಡ ಅಳತೆಗಳು ಆಗ ಬಳಕೆಯಲ್ಲಿದ್ದ ವೀನನ ಸೂತ್ರಕ್ಕೆ ಹೊಂದುತ್ತಿಲ್ಲವೆಂದು ತಿಳಿಸಿದನು. ಪ್ಲಾಂಕನು ಅಕ್ಟೋಬರ್ ೧೯ರಂದು ಹೊಸ ಸೂತ್ರವನ್ನೂ ಡಿಸೆಂಬರ್ ೧೪ರಂದು ಅದರ ಹಿಂದಿನ ತರ್ಕವನ್ನೂ ವಿದ್ವತ್ಸಭೆಯ ಮುಂದಿಟ್ಟನು. ಶಕ್ತಿಯು ತುಣುಕು ತುಣುಕಾಗಿ ಬರುತ್ತದೆಂಬ ಕ್ವಾಂಟಂ ವಾದ ಅಂದು ಹುಟ್ಟಿತು. ಇಷ್ಟು ಕಥೆ ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ.

ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಇಲ್ಲದ ಸಂಗತಿಯೊಂದಿದೆ. ಪ್ಲಾಂಕನು ೧೯೦೬ರಲ್ಲಿ ಉಷ್ಣ ವಿಕಿರಣವನ್ನು ಕುರಿತ ತನ್ನ ಉಪನ್ಯಾಸಗಳನ್ನು ಗ್ರಂಥವಾಗಿ ಪ್ರಕಟಿಸಿದನು. ಅದರ ಆರಂಭದಲ್ಲಿಯೇ, ತಾನು ವಿಚಾರಿಸುವ ಎಡೆಗಳ ಅಳತೆಗಳೂ ಮೇಲ್ಮೈಗಳ ಬಾಗಿನ ತ್ರಿಜ್ಯಗಳೂ ಕಿರಣದ ಅಲೆಯುದ್ದಕ್ಕಿಂತ ಬಹಳ ದೊಡ್ಡವೆಂದು ಇಟ್ಟುಕೊಂಡಿರುವುದಾಗಿ ಸ್ಪಷ್ಟಪಡಿಸಿದನು. ಸೂತ್ರವನ್ನು ಕೊಟ್ಟವನೇ ಅದರ ಸರಹದ್ದಿನ ಕಲ್ಲನ್ನೂ ನೆಟ್ಟಿದ್ದನು! ಅನಂತರ ಸೂತ್ರವು ಪುಸ್ತಕದಿಂದ ಪುಸ್ತಕಕ್ಕೆ ನಡೆಯಿತು. ಕಲ್ಲು ಹಿಂದೆಯೇ ಉಳಿಯಿತು. ನಮ್ಮಂಥ ಉಪಾಧ್ಯಾಯರ ಕೈಗೆ ಬರುವಷ್ಟರಲ್ಲಿ ಷರತ್ತು ಮಾಯವಾಗಿ, ಸೂತ್ರವೊಂದೇ ಉಳಿದಿತ್ತು.

ಆ ಸರಹದ್ದು ಎಲ್ಲಿದೆ? ನಮ್ಮ ಸುತ್ತಲಿನ ವಸ್ತುಗಳು ಸುಮಾರು ೩೦೦ ಕೆಲ್ವಿನ್ ಉಷ್ಣತೆಯಲ್ಲಿ ಅತಿ ಹೆಚ್ಚಾಗಿ ಚೆಲ್ಲುವ ಕಿರಣದ ಅಲೆಯುದ್ದವು ೧೦ ಮೈಕ್ರೋಮೀಟರಿನಷ್ಟು, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಇದು ತಲೆಗೂದಲಿನ ದಪ್ಪಕ್ಕಿಂತಲೂ ಕಿರಿದು. ತಗಡುಗಳ ಅಂತರವು ಇದಕ್ಕಿಂತ ಬಹಳ ದೊಡ್ಡದಾಗಿರುವವರೆಗೆ ಸೂತ್ರವು ಸತ್ಯ. ಅಂತರವು ಇದರ ಹತ್ತಿರಕ್ಕೆ ಬಂದರೆ, ಇದಕ್ಕೂ ಕಡಿಮೆಯಾದರೆ, ಪ್ಲಾಂಕನ ಕಲ್ಲನ್ನು ದಾಟಿದಂತೆಯೇ.

ದಾಟಿದರೆ ಏನಾಗುತ್ತದೆ ಎಂಬುದರ ಸೂಚನೆ ಶಾಖದ ಶಾಸ್ತ್ರದಲ್ಲಿ ಅಲ್ಲ, ಬೆಳಕಿನ ಶಾಸ್ತ್ರದಲ್ಲಿ ಬಹಳ ಹಿಂದೆಯೇ ದೊರೆತಿತ್ತು. ಗಾಜಿನ ಒಳಗಿನಿಂದ ಓರೆಯಾಗಿ ಬಂದ ಬೆಳಕು ಮೇಲ್ಮೈಯನ್ನು ದಾಟಲಾರದೆ ಪೂರ್ತಿಯಾಗಿ ಹಿಂದಿರುಗುವುದನ್ನು ಪೂರ್ಣ ಆಂತರಿಕ ಪ್ರತಿಫಲನವೆನ್ನುತ್ತೇವೆ. ನ್ಯೂಟನ್ನನು ೧೭೦೪ರ ತನ್ನ ಬೆಳಕಿನ ಗ್ರಂಥದಲ್ಲಿ ಒಂದು ವಿಚಿತ್ರವನ್ನು ದಾಖಲಿಸಿದ್ದಾನೆ. ಹಾಗೆ ಬೆಳಕು ಹಿಂದಿರುಗುತ್ತಿರುವ ಪಟ್ಟಕದ ಮುಖಕ್ಕೆ ಸ್ವಲ್ಪವೇ ಉಬ್ಬಿದ ಮಸೂರವನ್ನು ಒತ್ತಿ ಹಿಡಿದರೆ, ಗಾಜುಗಳು ಮುಟ್ಟಿದ ಬಿಂದುವಿನಲ್ಲಿ ಮಾತ್ರವಲ್ಲ, ಅದರ ಸುತ್ತ ತೆಳುವಾದ ಗಾಳಿ ಉಳಿದಿರುವ ಕಡೆಯಲ್ಲಿಯೂ ಬೆಳಕು ದಾಟಿ ಹೋಗುತ್ತದೆ.

ಇದನ್ನು ಸ್ಪಷ್ಟವಾಗಿ ಅಳೆದ ಕೀರ್ತಿಯಲ್ಲಿ ನಮ್ಮ ದೇಶಕ್ಕೂ ಪಾಲಿದೆ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾದ ಜಗದೀಶಚಂದ್ರ ಬೋಸರು ಬೆಳಕಿಗೆ ಬದಲಾಗಿ ವಿದ್ಯುದಲೆಗಳನ್ನು ಬಳಸಿದರು. ಅವುಗಳ ಅಲೆಯುದ್ದ ದೊಡ್ಡದಾದುದರಿಂದ ಅಂತರವನ್ನು ಸಲೀಸಾಗಿ ಅಳೆಯಬಹುದಾಗಿತ್ತು. ಎರಡು ಪಟ್ಟಕಗಳನ್ನು ಎದುರುಬದುರಾಗಿಟ್ಟು, ನಡುವಿನ ಗಾಳಿಯ ಪದರವನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ನೋಡಿದರು. ಪದರವು ದಪ್ಪವಾಗಿದ್ದರೆ ಅಲೆಯು ಪೂರ್ತಿ ಹಿಂದಿರುಗುತ್ತಿತ್ತು. ತೆಳುವಾದರೆ ಆಚೆಯ ಪಟ್ಟಕಕ್ಕೆ ದಾಟುತ್ತಿತ್ತು. ಅವರ ಈ ಪ್ರಬಂಧವು ೧೮೯೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ಲಾಂಕನ ಸೂತ್ರಕ್ಕೆ ಇನ್ನೂ ಮೂರು ವರ್ಷಗಳಿದ್ದಾಗಲೇ ಸರಹದ್ದಿನ ಆಚೆಯ ನಾಡಿನ ಒಂದು ನಕ್ಷೆ ಕಲ್ಕತ್ತೆಯಲ್ಲಿ ಸಿದ್ಧವಾಗಿತ್ತು. ಆದರೆ ಶಾಖವೂ ಇದೇ ರೀತಿ ದಾಟಬಹುದೆಂದು ಲೆಕ್ಕ ಹಾಕುವವರು ಬರುವುದಕ್ಕೆ ಮುಂದೆ ಅರ್ಧ ಶತಮಾನವೇ ಹಿಡಿಯಿತು.

ಇಲ್ಲಿ ನಡೆಯುವುದೇನು ಎಂಬುದನ್ನು ಮಕ್ಕಳಿಗೆ ತಿಳಿಯುವಂತೆ ಹೇಳುವುದಾದರೆ, ಬೀದಿಯ ಎರಡು ಬದಿಯ ಮನೆಗಳನ್ನು ನೆನೆಯಬಹುದು. ಮನೆಯಿಂದ ಕೆಲವರು ಬೀದಿಗಿಳಿದು ದೂರ ಹೋಗುತ್ತಾರೆ; ಇವರು ಸಾಮಾನ್ಯ ವಿಕಿರಣದ ಅಲೆಗಳು. ಆದರೆ ಮನೆಯಲ್ಲಿರುವ ಬಹುಮಂದಿ ಜಗಲಿಯವರೆಗೆ ಬಂದು, ಬೀದಿಗಿಳಿಯದೆ ಒಳಕ್ಕೆ ಹಿಂದಿರುಗುತ್ತಾರೆ. ಬೀದಿಯಲ್ಲಿ ನಿಂತು ಎಣಿಸುವವನ ಲೆಕ್ಕಕ್ಕೆ ಇವರು ಸಿಕ್ಕುವುದಿಲ್ಲ. ಈಗ ಎದುರು ಮನೆಯ ಜಗಲಿಯು ಕೈ ನಿಲುಕುವಷ್ಟು ಹತ್ತಿರಕ್ಕೆ ಬಂದಿತೆಂದು ಭಾವಿಸಿರಿ. ಜಗಲಿಯವರು ಬೀದಿಗಿಳಿಯದೆಯೇ ಕೈಯಿಂದ ಕೈಗೆ ಸಾಮಾನು ದಾಟಿಸಬಲ್ಲರು. ಬಿಸಿಯಾದ ವಸ್ತುವಿನ ಮೇಲ್ಮೈಯಲ್ಲಿಯೂ ಹೀಗೆ ಜಗಲಿಯ ಅಲೆಗಳಿವೆ. ಅವು ಮೇಲ್ಮೈಯಿಂದ ಸ್ವಲ್ಪ ದೂರದಲ್ಲಿಯೇ ಕ್ಷೀಣಿಸಿಹೋಗುತ್ತವೆ. ಅವನ್ನು ಕ್ಷಯಿಸುವ ಅಲೆಗಳೆಂದು ಕರೆಯೋಣ. ಒಂಟಿಯಾಗಿ ನಿಂತ ವಸ್ತುವಿನಿಂದ ಅವು ಯಾವ ಶಾಖವನ್ನೂ ದೂರಕ್ಕೆ ಒಯ್ಯವು. ಇನ್ನೊಂದು ವಸ್ತುವು ತೀರ ಸಮೀಪಕ್ಕೆ ಬಂದಾಗ ಮಾತ್ರ ಅವುಗಳ ಮೂಲಕ ಶಾಖವು ದಾಟುತ್ತದೆ. ಪ್ಲಾಂಕನ ಸೂತ್ರವು ಬೀದಿಯಲ್ಲಿ ನಿಂತವನ ಲೆಕ್ಕ. ಅದರಲ್ಲಿ ಜಗಲಿಯವರ ಹೆಸರಿಲ್ಲ.

ಜಗಲಿಯವರನ್ನು ಎಣಿಸುವ ವಿಧಾನವನ್ನು ಕಂಡುಹಿಡಿದವನು ಸೋವಿಯತ್ ರಷ್ಯದ ಸೆರ್ಗೇಯ್ ರಿತೋವ್. ವಸ್ತುವಿನ ಒಳಗೆ ವಿದ್ಯುದಂಶಗಳು ಉಷ್ಣತೆಯಿಂದಾಗಿ ಎಡೆಬಿಡದೆ ನಡುಗುತ್ತಿರುತ್ತವೆ. ಆ ನಡುಗುವಿಕೆಯೇ ಅಲೆಗಳ ಮೂಲ. ಈ ಮೂಲದಿಂದ ಆರಂಭಿಸಿ ಲೆಕ್ಕ ಹಾಕಿದರೆ ದೂರ ಹೋಗುವ ಅಲೆಗಳೂ ಮೇಲ್ಮೈಯಲ್ಲಿ ಉಳಿಯುವ ಅಲೆಗಳೂ ಒಟ್ಟಿಗೆ ದೊರೆಯುತ್ತವೆ. ೧೯೫೩ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ವಿಧಾನವಿದೆ. ಇದೇ ದಾರಿಯಲ್ಲಿ ನಡೆದ ಲಿಫ್‌ಷಿಟ್ಸನು ಹತ್ತಿರದ ವಸ್ತುಗಳ ನಡುವಣ ಆಕರ್ಷಣೆಯ ಬಲವನ್ನು ಲೆಕ್ಕ ಹಾಕಿದನು.

ಪ್ರಶ್ನೆಯು ಪ್ರಯೋಗಶಾಲೆಗೆ ಬಂದುದು ೧೯೬೦ರ ದಶಕದಲ್ಲಿ. ಅತಿಶೀತಲ ದ್ರವಗಳ ತೊಟ್ಟಿಗಳಿಗೆ ಹೊಳಪಿನ ತೆಳು ಹಾಳೆಗಳನ್ನು ಪದರ ಪದರವಾಗಿ ಸುತ್ತಿ ಶಾಖವನ್ನು ತಡೆಯುವ ಪದ್ಧತಿಯು ಆಗ ಬೆಳೆಯುತ್ತಿತ್ತು. ಹಾಳೆಗಳು ಒಂದಕ್ಕೊಂದು ತೀರ ಹತ್ತಿರವಿದ್ದರೆ ಸೂತ್ರವು ಹೇಳುವುದಕ್ಕಿಂತ ಹೆಚ್ಚು ಶಾಖ ನುಸುಳುವುದೇ? ಅಮೆರಿಕದ ಕ್ರವಾಲ್ಹೊ, ಟಿಯೆನ್, ಕ್ಯಾರನ್ ಎಂಬ ಮೂವರು ೧೯೬೭ರಲ್ಲಿ ಈ ಬಗೆಯ ಸಣ್ಣ ಅಂತರಗಳ ಲೆಕ್ಕವನ್ನು ಪ್ರಕಟಿಸಿದರು. ೧೯೭೦ರಲ್ಲಿ ಡೊಮೊಟೊ, ಬೋಮ್, ಟಿಯೆನ್ ಇವರು ತಾಮ್ರದ ಬಿಲ್ಲೆಗಳನ್ನು ದ್ರವ ಹೀಲಿಯಂನ ಶೈತ್ಯದಲ್ಲಿಟ್ಟು ಪರೀಕ್ಷಿಸಿದರು. ಈ ಉಪಾಯದಲ್ಲಿ ಜಾಣತನವಿತ್ತು. ವಸ್ತುವು ತಣ್ಣಗಾದಷ್ಟೂ ಅದು ಚೆಲ್ಲುವ ಕಿರಣದ ಅಲೆಯುದ್ದ ಹೆಚ್ಚು. ೪ ಕೆಲ್ವಿನ್ ಬಳಿ ಅದು ೧೦ ಮೈಕ್ರೋಮೀಟರು ಅಲ್ಲ, ಮುಕ್ಕಾಲು ಮಿಲಿಮೀಟರಿನ ಹತ್ತಿರ. ಆದುದರಿಂದ ಬಿಲ್ಲೆಗಳನ್ನು ಅಷ್ಟೇನೂ ಹತ್ತಿರ ತರದೆಯೇ ಸರಹದ್ದನ್ನು ದಾಟಬಹುದಾಗಿತ್ತು.

ಇತ್ತ ಹಾಲೆಂಡಿನ ಐಂಡ್‌ಹೋವನ್ ನಗರದ ಫಿಲಿಪ್ಸ್ ಪ್ರಯೋಗಶಾಲೆಯಲ್ಲಿ ಹಾರ್‌ಗ್ರೀವ್ಸನು ೧೯೬೯ರಲ್ಲಿ ಸಾಮಾನ್ಯ ಉಷ್ಣತೆಯಲ್ಲಿಯೇ ಕ್ರೋಮಿಯಂ ಲೇಪಿಸಿದ ಎರಡು ಮೇಲ್ಮೈಗಳನ್ನು ಕೆಲವೇ ಮೈಕ್ರೋಮೀಟರ್ ಅಂತರಕ್ಕೆ ತಂದನು. ಅಂತರ ಕುಗ್ಗಿದಂತೆ ಶಾಖದ ಹರಿವು ಏರಿತು. ನಮ್ಮ ಹುಡುಗನ ಪ್ರಶ್ನೆಗೆ ಪ್ರಯೋಗವು ಅಂದೇ ಉತ್ತರ ಕೊಟ್ಟಿತ್ತು. ಅದೇ ಪ್ರಯೋಗಶಾಲೆಯ ಪೋಲ್ಡರನು ವಾನ್ ಹೋವನೊಡನೆ ಸೇರಿ ೧೯೭೧ರಲ್ಲಿ ರಿತೋವನ ವಿಧಾನದಿಂದ ಪೂರ್ಣವಾದ ಲೆಕ್ಕವನ್ನು ಒದಗಿಸಿದನು. ಈ ವಿಷಯದಲ್ಲಿ ಇಂದಿಗೂ ಎಲ್ಲರೂ ಮೊದಲು ನೆನೆಯುವುದು ಆ ಪ್ರಬಂಧವನ್ನೇ.

ಲೆಕ್ಕ ಮುಂದೆ ಓಡಿತು. ಪ್ರಯೋಗ ಹಿಂದೆ ಉಳಿಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಒಂದು ಸೆಂಟಿಮೀಟರ್ ಅಗಲದ ಎರಡು ಗಾಜುಗಳನ್ನು ೩೦ ನ್ಯಾನೊಮೀಟರ್ ಅಂತರದಲ್ಲಿ, ಎಲ್ಲಿಯೂ ಮುಟ್ಟದಂತೆ, ಸಮಾನಾಂತರವಾಗಿ ನಿಲ್ಲಿಸಬೇಕು. ನ್ಯಾನೊಮೀಟರೆಂದರೆ ಮೈಕ್ರೋಮೀಟರಿನ ಸಾವಿರದಲ್ಲೊಂದು ಪಾಲು. ಇದೆಲ್ಲವನ್ನೂ ಹತ್ತು ಲಕ್ಷ ಪಟ್ಟು ಹಿಗ್ಗಿಸಿದರೆ, ಹತ್ತು ಕಿಲೋಮೀಟರ್ ಅಗಲದ ಎರಡು ಬಯಲುಗಳನ್ನು ಒಂದರ ಮೇಲೊಂದು ಮೂರು ಸೆಂಟಿಮೀಟರ್ ಅಂತರದಲ್ಲಿ ಹಿಡಿದಂತಾಯಿತು. ನಡುವೆ ಒಂದು ದೂಳಿನ ಕಣ ಸಿಕ್ಕಿಕೊಂಡರೂ ಕೆಲಸ ಕೆಟ್ಟಿತು. ಶಾಖವು ಆ ಕಣದ ಮೂಲಕ ವಹನದಿಂದ ಹರಿದು ಅಳತೆಯನ್ನು ಸುಳ್ಳಾಗಿಸುವುದು.

ಈ ತೊಡಕನ್ನು ದಾಟಿಸಿದುದು ೧೯೮೬ರಲ್ಲಿ ಹುಟ್ಟಿದ ಪರಮಾಣು ಬಲದ ಸೂಕ್ಷ್ಮದರ್ಶಕ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಟ್ಟಿಯೊಂದು ಸನ್ನೆಯಂತೆ ಚಾಚಿಕೊಂಡಿದ್ದು, ಅದು ಬಾಗಿದುದನ್ನು ಲೇಸರ್ ಕಿರಣದಿಂದ ಅಳೆಯುತ್ತಾರೆ. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಗಾಂಗ್ ಚೆನ್, ಅವರ ಸಹೋದ್ಯೋಗಿಗಳಾದ ಅರವಿಂದ ನಾರಾಯಣಸ್ವಾಮಿ, ಶೆಂಗ್ ಶೆನ್ ಇವರು ೨೦೦೮-೦೯ರಲ್ಲಿ ಇದನ್ನೇ ಉಷ್ಣತಾಮಾಪಕವನ್ನಾಗಿ ಮಾಡಿಕೊಂಡರು. ಇಸ್ತ್ರಿ ಪೆಟ್ಟಿಗೆಯಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯು ಬಿಸಿಗೆ ಬಾಗಿ ವಿದ್ಯುತ್ತನ್ನು ಕಡಿಯುವುದನ್ನು ವಿದ್ಯಾರ್ಥಿಗಳು ಓದಿದ್ದಾರೆ. ಸಿಲಿಕಾನ್ ನೈಟ್ರೈಡಿನ ಮೇಲೆ ಚಿನ್ನ ಲೇಪಿಸಿದ ಆ ಪಟ್ಟಿಯೂ ಹಾಗೆಯೇ ಬಾಗುತ್ತದೆ. ಅದರ ತುದಿಗೆ ಗಾಜಿನ ಪುಟ್ಟ ಗುಂಡನ್ನು ಅಂಟಿಸಿ, ನಿರ್ವಾತದಲ್ಲಿ ಅದರ ಬಳಿಗೆ ಚಪ್ಪಟೆಯಾದ ತಟ್ಟೆಯನ್ನು ಮೆಲ್ಲಮೆಲ್ಲನೆ ತಂದರು. ಗುಂಡಿಗೆ ಸಮಾನಾಂತರದ ಗೊಡವೆಯಿಲ್ಲ. ಯಾವ ಕಡೆಯಿಂದ ಬಂದರೂ ಅದು ಗುಂಡೇ. ಅಂತರವು ಕಿರಿದಾದಂತೆ ಗುಂಡಿನಿಂದ ಶಾಖ ಹೆಚ್ಚಾಗಿ ಹರಿದು, ಪಟ್ಟಿ ತಣಿದು, ಅದರ ಬಾಗು ಬದಲಾಯಿತು. ೩೦ ನ್ಯಾನೊಮೀಟರ್ ಅಂತರದಲ್ಲಿ ಗಾಜುಗಳ ನಡುವೆ ಹರಿದ ಶಾಖವು ಕೃಷ್ಣಕಾಯಗಳಿಗೆ ಶಾಸ್ತ್ರವು ವಿಧಿಸಿದ ಮಿತಿಯನ್ನು ಸುಮಾರು ಸಾವಿರ ಪಟ್ಟು ಮೀರಿತ್ತು. ಅದೇ ೨೦೦೯ರಲ್ಲಿ ಫ್ರಾನ್ಸಿನ ವಿಜ್ಞಾನಿಗಳೂ ಇಂಥದೇ ಪ್ರಯೋಗದಿಂದ ಲೆಕ್ಕವು ಸರಿಯೆಂದು ತೋರಿಸಿದರು.

ಗಾಜನ್ನೇ ಏಕೆ ಆರಿಸಿದರು? ಗಾಜಿನಲ್ಲಿಯೂ ಸಿಲಿಕಾನ್ ಕಾರ್ಬೈಡಿನಂಥ ವಸ್ತುಗಳಲ್ಲಿಯೂ ಪರಮಾಣುಗಳು ಕಂಪಿಸುವ ವೇಗವು ಅವಕೆಂಪು ಕಿರಣಗಳ ಕಂಪನಕ್ಕೆ ಹೊಂದುತ್ತದೆ. ಆಗ ಮೇಲ್ಮೈಯಲ್ಲಿ ಬಹಳ ಪ್ರಬಲವಾದ ಅಲೆಗಳು ಏಳುತ್ತವೆ. ಎದುರಿನ ವಸ್ತುವೂ ಅದೇ ಜಾತಿಯದಾದರೆ, ಒಂದೇ ಶ್ರುತಿಗೆ ಸೇರಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದೂ ಮಿಡಿಯುವಂತೆ, ಶಾಖವು ಸುಲಭವಾಗಿ ದಾಟುತ್ತದೆ. ಸಮಾನಾಂತರ ತಟ್ಟೆಗಳಲ್ಲಿ ಅಂತರವು ಅರ್ಧವಾದರೆ ಈ ಪಾಲು ಸುಮಾರು ನಾಲ್ಕು ಪಟ್ಟಾಗುವುದು. ಸೂತ್ರದಲ್ಲಿ ಕಾಣದ ದೂರವು ಇಲ್ಲಿ ಮುಖ್ಯಸ್ಥನಾಗಿಬಿಟ್ಟಿತು!

೨೦೧೫ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಪ್ರಮೋದ ರೆಡ್ಡಿ, ಎಡ್ಗರ್ ಮೇಹೋಫರ್ ಮತ್ತು ಸಂಗಡಿಗರು ಕೆಲವೇ ನ್ಯಾನೊಮೀಟರ್ ಅಂತರದವರೆಗೂ ಅಳೆದು, ರಿತೋವನ ವಿಧಾನವು ಅಲ್ಲಿಯೂ ನಿಲ್ಲುತ್ತದೆಂದು ಕಂಡರು. ೨೦೧೭ರಲ್ಲಿ ಮಾತ್ರ ಒಂದು ಭಿನ್ನಾಭಿಪ್ರಾಯ ತಲೆದೋರಿತು. ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದವರು ಚಿನ್ನದ ಮೊನೆ ಮತ್ತು ಚಿನ್ನದ ತಟ್ಟೆಯ ನಡುವೆ, ಲೆಕ್ಕವು ಹೇಳುವುದಕ್ಕಿಂತ ಬಹಳ ಹೆಚ್ಚಿನ ಶಾಖವನ್ನು ಅಳೆದರು. ಅದೇ ವರ್ಷ ಮಿಚಿಗನ್ನಿನವರು ಅಂಥ ಪ್ರಯೋಗವನ್ನೇ ಮಾಡಿ, ಮೇಲ್ಮೈಗಳನ್ನು ಚೆನ್ನಾಗಿ ಶುದ್ಧಿಗೊಳಿಸಿದ ಮೇಲೆ ಆ ಹೆಚ್ಚಳ ಕಾಣದಾಯಿತೆಂದೂ, ಮೇಲ್ಮೈಗೆ ಅಂಟಿದ ಕಲ್ಮಷವೇ ಅದಕ್ಕೆ ಕಾರಣವಾಗಿರಬಹುದೆಂದೂ ಪ್ರಕಟಿಸಿದರು. ಇಷ್ಟು ಸಣ್ಣ ಎಡೆಯಲ್ಲಿ ಒಂದು ಪದರ ಕೊಳೆಯೂ ದೊಡ್ಡ ಸಾಕ್ಷಿಯನ್ನು ಕೆಡಿಸಬಲ್ಲುದು.

ಇದರಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿಗೂ ಉತ್ತರವಿದೆ. ಬಿಸಿ ವಸ್ತುವಿನ ಅವಕೆಂಪು ಕಿರಣಗಳಿಂದ ವಿದ್ಯುತ್ತನ್ನು ಪಡೆಯುವ ಕೋಶಗಳಿವೆ. ಕೋಶವನ್ನು ಬಿಸಿ ವಸ್ತುವಿಗೆ ತೀರ ಹತ್ತಿರ ತಂದರೆ ಅದೇ ಉಷ್ಣತೆಯಿಂದ ಹೆಚ್ಚು ವಿದ್ಯುತ್ತು ದೊರೆಯುವುದೆಂಬುದನ್ನು ಪ್ರಯೋಗಗಳು ತೋರಿಸಿವೆ. ಕಾರ್ಖಾನೆಗಳ ಕುಲುಮೆಗಳಲ್ಲಿ ವ್ಯರ್ಥವಾಗುವ ಶಾಖವನ್ನು ನೆನೆದರೆ ಈ ಹಂಬಲದ ಬೆಲೆ ತಿಳಿದೀತು.

“ಪ್ಲಾಂಕನ ನಿಯಮ ಮುರಿಯಿತು” ಎಂಬ ಮಾತು ೨೦೦೯ರಲ್ಲಿ ಕೇಳಿಬಂತು. ವಿದ್ಯಾರ್ಥಿಗಳು ಇದನ್ನು ನಂಬಬಾರದು. ಗಾಜಿನ ಗುಂಡಿನಿಂದ ದೂರ ನಿಂತು ಅಳೆದರೆ ಅದು ಚೆಲ್ಲುವ ಶಾಖವು ಇಂದಿಗೂ ಹಳೆಯ ಮಿತಿಯೊಳಗೇ ಇದೆ. ಪ್ಲಾಂಕನು ತನ್ನ ಹೊಲದ ಎಲ್ಲೆಯನ್ನು ತಾನೇ ಗುರುತಿಸಿದ್ದನು. ಇತರರು ಎಲ್ಲೆಯ ಆಚೆ ಉತ್ತು ಬೆಳೆದರು. ತಪ್ಪಿದ್ದರೆ ಅದು ಎಲ್ಲೆಯನ್ನು ಅಳಿಸಿ ಪಾಠ ಹೇಳಿದ ನಮ್ಮದು. ಸೂತ್ರವನ್ನು ಕಲಿಸುವಾಗ ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಒಂದು ವಾಕ್ಯವನ್ನೂ ಕೂಡಿಸಿ ಕಲಿಸಿದರೆ, ಹಲಗೆಯ ಮೇಲೆ ಒಂದು ಸಾಲು ಹೆಚ್ಚಾಗುವುದೇ ಹೊರತು ಬೇರೆ ನಷ್ಟವಿಲ್ಲ. ಆ ಸಾಲು ಇಲ್ಲದಿದ್ದರೆ, ಸರಿಯಾದ ಪ್ರಶ್ನೆ ಕೇಳಿದ ಹುಡುಗನೇ ತಾನು ತಪ್ಪಿದೆನೆಂದು ತಿಳಿದು ಕುಳಿತುಕೊಳ್ಳುತ್ತಾನೆ. ಹಾಗೆ ಒಮ್ಮೆ ಕುಳಿತವನು ಮತ್ತೊಮ್ಮೆ ಏಳುವನೆಂಬ ಭರವಸೆಯೇನು?

ಇಷ್ಟನ್ನು ಓದಿಕೊಂಡ ಮೇಲೆ ಒಂದು ಸಂಜೆ ಆ ಹುಡುಗನನ್ನು ಕರೆದು, “ಅಂದು ನಾವು ಹೇಳಿದ್ದು ತಪ್ಪಪ್ಪ, ನೀನು ಕೇಳಿದ್ದು ಸರಿ” ಎಂದು ಎಲ್ಲರೆದುರಿಗೆ ತಿಳಿಸಿದೆವು. ಅವನು ನಾಚಿಕೊಂಡನು. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಎದ್ದು, “ಮಾಸ್ತರೇ, ಮುಟ್ಟಿದರೆ ವಹನ, ಮುಟ್ಟದಿದ್ದರೆ ವಿಕಿರಣ ಎನ್ನುತ್ತೀರಿ. ಇನ್ನೂ ಹತ್ತಿರ, ಪರಮಾಣುವಿನ ಪಕ್ಕಕ್ಕೆ ಪರಮಾಣು ಬರುವಷ್ಟು ಹತ್ತಿರ ತಂದರೆ, ವಿಕಿರಣ ಎಲ್ಲಿಗೆ ಮುಗಿದು ವಹನ ಎಲ್ಲಿಂದ ಮೊದಲಾಗುತ್ತದೆ?” ಎಂದನು. ಈ ಸಲ ನಾವು ಆತುರಪಡಲಿಲ್ಲ. ವಿಜ್ಞಾನಿಗಳು ಇಂದು ಶೋಧಿಸುತ್ತಿರುವ ಪ್ರಶ್ನ್ನೆಗಳಲ್ಲಿ ಅದೂ ಒಂದೆಂದು ಹೇಳಿ, ಹಲಗೆಯ ಮೂಲೆಯಲ್ಲಿ ಅದನ್ನು ಬರೆದಿಟ್ಟೆವು.